ಕಣ್ಣಿರಬೇಕಾದದ್ದು ಮೂಟೆಯ ಮೇಲೆ: ಆಹಾರ ಸರಪಳಿ, ಅಪರಾಧ ಮತ್ತು ಡಿಜಿಟಲ್ ತಂತ್ರಜ್ಞಾನ

1998ರ ಮಳೆಗಾಲದಲ್ಲಿ ದೆಹಲಿಯ ಆಸ್ಪತ್ರೆಗಳಿಗೆ ಕಾಲು ಊದಿಕೊಂಡ, ಏದುಸಿರು ಬಿಡುವ ರೋಗಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದೆಣ್ಣೆ ಬೆರೆತಿತ್ತು. 60ಕ್ಕೂ ಹೆಚ್ಚು ಮಂದಿ ಸತ್ತರು. ಸುಮಾರು 3,000 ಮಂದಿ ಹಾಸಿಗೆ ಹಿಡಿದರು. ಆ ಎಣ್ಣೆ ಯಾವ ಗಾಣದ್ದು, ಯಾರ ಡಬ್ಬದಿಂದ ಯಾರ ಡಬ್ಬಕ್ಕೆ ಹೋಯಿತು ಎಂದು ಹಿಂದಕ್ಕೆ ಹೋಗಿ ನೋಡಲು ದಾರಿಯೇ ಇರಲಿಲ್ಲ. ಬಿಡಿ ಎಣ್ಣೆಗೆ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ. ಅದೇ ವರ್ಷ ಕೇಂದ್ರ ಸರ್ಕಾರ ಖಾದ್ಯ ತೈಲಗಳನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ತಂದಿತು.

ಈಗ ಪ್ಯಾಕೆಟ್ ಇದೆ, ಅದರ ಮೇಲೆ ಬ್ಯಾಚ್ ನಂಬರ್ ಇದೆ, ಕ್ಯೂಆರ್ ಕೋಡ್ ಇದೆ. ಬ್ಲಾಕ್‌ಚೈನ್, ಸೆನ್ಸರ್, ಉಪಗ್ರಹ ಚಿತ್ರ, ಕೃತಕ ಬುದ್ಧಿಮತ್ತೆ ಎಲ್ಲವೂ ಆಹಾರದ ಹಿಂದೆ ಬಿದ್ದಿವೆ. ಇನ್ನೊಂದು ಕಡೆ, ಪೊಲೀಸರು ಅಪರಾಧದ ನಕ್ಷೆ ಬಿಡಿಸಲು, ಮುಂದೆ ಎಲ್ಲಿ ಏನು ನಡೆದೀತೆಂದು ಅಂದಾಜಿಸಲು ಇದೇ ಬಗೆಯ ತಂತ್ರಜ್ಞಾನ ಬಳಸುತ್ತಿದ್ದಾರೆ. ಈ ಎರಡು ದಾರಿಗಳು ಕೂಡುವ ಜಾಗ ಆಹಾರದ ಅಪರಾಧ: ಕಲಬೆರಕೆ, ಸುಳ್ಳು ಲೇಬಲ್, ಪಡಿತರದ ಕಳ್ಳಸಾಗಣೆ. ಎರಡೂ ಕಡೆಯ ಕಳೆದ 30 ವರ್ಷಗಳ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತೀರ್ಮಾನಕ್ಕೆ ಬರಲೇಬೇಕಾಗುತ್ತದೆ. ಸರಕಿನ ಮೇಲೆ, ಅದನ್ನು ಸಾಗಿಸುವ ದೊಡ್ಡ ಕೈಗಳ ಮೇಲೆ ಕಣ್ಣಿಟ್ಟಾಗ ತಂತ್ರಜ್ಞಾನ ಗೆದ್ದಿದೆ. ಉಣ್ಣುವವರ ಮೇಲೆ, ಬೀದಿಯ ಸಣ್ಣವರ ಮೇಲೆ ಮಾತ್ರ ಕಣ್ಣಿಟ್ಟಾಗ ಅದು ಸೋತಿದೆ. ಕೆಲವೊಮ್ಮೆ ಅನ್ಯಾಯವನ್ನೂ ಮಾಡಿದೆ.

ಜಾಡು ಹಿಡಿಯುವ ವಿದ್ಯೆ

ಐರೋಪ್ಯ ಒಕ್ಕೂಟ 2002ರಲ್ಲೇ ಆಹಾರ ಕಾನೂನು ಮಾಡಿ, ಪ್ರತಿಯೊಬ್ಬ ವ್ಯಾಪಾರಿಯೂ ಸರಕು ಯಾರಿಂದ ಬಂತು, ಯಾರಿಗೆ ಹೋಯಿತು ಎಂಬ ಲೆಕ್ಕ ಇಡಬೇಕೆಂದಿತು. ಹಿಂದಕ್ಕೊಂದು ಹೆಜ್ಜೆ, ಮುಂದಕ್ಕೊಂದು ಹೆಜ್ಜೆ ಗೊತ್ತಿದ್ದರೆ ಸಾಕು, ಎಲ್ಲರ ಹೆಜ್ಜೆ ಸೇರಿಸಿದರೆ ಪೂರ್ತಿ ದಾರಿ ಸಿಗುತ್ತದೆ ಎಂಬುದು ಅದರ ತರ್ಕ. 2005ರಿಂದ ಈ ನಿಯಮ ಜಾರಿಯಲ್ಲಿದೆ.

ಇದರ ಮಿತಿ ಬಯಲಾದದ್ದು 2013ರಲ್ಲಿ. ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ದನದ ಮಾಂಸದ ಬರ್ಗರ್‌ಗಳ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಒಂದರಲ್ಲಿ ಶೇ. 29ರಷ್ಟು ಕುದುರೆ ಮಾಂಸದ ಅಂಶ ಸಿಕ್ಕಿತು. ತನಿಖೆ ಬೆಳೆದಂತೆ ರುಮೇನಿಯಾದ ಕಸಾಯಿಖಾನೆ, ಸೈಪ್ರಸ್ ಮತ್ತು ನೆದರ್ಲೆಂಡ್ಸ್‌ನ ದಲ್ಲಾಳಿಗಳು, ಫ್ರಾನ್ಸಿನ ಸಂಸ್ಕರಣಾ ಘಟಕ, ಲಕ್ಸೆಂಬರ್ಗಿನ ಕಾರ್ಖಾನೆ ಎಲ್ಲವೂ ಒಂದೇ ಸಾಲಿನಲ್ಲಿ ಕಂಡವು. ಕಾಗದಗಳು ಇದ್ದವು. ಆದರೆ ನಡುವೆ ಒಂದು ಕಡೆ ಕುದುರೆ ಮಾಂಸಕ್ಕೆ ದನದ ಮಾಂಸವೆಂಬ ಚೀಟಿ ಅಂಟಿತ್ತು. ಅಲ್ಲಿಂದ ಮುಂದೆ ಪ್ರತಿ ದಾಖಲೆಯೂ ಆ ಸುಳ್ಳನ್ನು ನಿಷ್ಠೆಯಿಂದ ಹೊತ್ತು ಸಾಗಿತು. 2019ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ಬ್ರಿಟನ್ನಿನಲ್ಲಿ ಪ್ರೊಫೆಸರ್ ಕ್ರಿಸ್ ಎಲಿಯಟ್ ನೀಡಿದ ವರದಿಯ ಮೇರೆಗೆ ಆಹಾರದ ಅಪರಾಧಗಳಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಘಟಕ ಹುಟ್ಟಿತು. ಕಲಬೆರಕೆ ಎಂದರೆ ಬರೀ ನೈರ್ಮಲ್ಯದ ಲೋಪವಲ್ಲ, ಲಾಭಕ್ಕಾಗಿ ಲೆಕ್ಕ ಹಾಕಿ ಮಾಡುವ ಸಂಘಟಿತ ಅಪರಾಧ ಎಂಬ ತಿಳಿವಳಿಕೆ ಅಲ್ಲಿಂದ ಬಲವಾಯಿತು. ಯೂರೋಪೋಲ್ ಮತ್ತು ಇಂಟರ್‌ಪೋಲ್ 2011ರಿಂದಲೇ ‘ಆಪ್ಸನ್’ ಎಂಬ ಜಂಟಿ ಕಾರ್ಯಾಚರಣೆ ನಡೆಸುತ್ತಿದ್ದವು. ಅದಕ್ಕೂ ಮಹತ್ವ ಬಂತು.

ಸರಳ ಗುರುತು ಎಷ್ಟು ಉಪಕಾರಿ ಎಂಬುದನ್ನು 2017ರ ಮೊಟ್ಟೆ ಪ್ರಕರಣ ತೋರಿಸಿತು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಕೋಳಿ ಫಾರಂಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಬಳಕೆಯಾಗಿತ್ತು. ಐರೋಪ್ಯ ಒಕ್ಕೂಟದಲ್ಲಿ ಮೊಟ್ಟೆಯ ಚಿಪ್ಪಿನ ಮೇಲೆಯೇ ಸಾಕುವ ವಿಧಾನ, ದೇಶ ಮತ್ತು ಫಾರಂನ ಸಂಖ್ಯೆ ಅಚ್ಚಾಗಿರುತ್ತದೆ. ಡಚ್ ಅಧಿಕಾರಿಗಳು ದೋಷವಿದ್ದ ಸಂಖ್ಯೆಗಳ ಪಟ್ಟಿ ಪ್ರಕಟಿಸಿದರು; ಜನ ಅಡುಗೆಮನೆಯಲ್ಲೇ ಮೊಟ್ಟೆ ತಿರುಗಿಸಿ ನೋಡಿಕೊಂಡರು. ಮರು ವರ್ಷ ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ರೊಮೇನ್ ಲೆಟ್ಯೂಸ್ ಸೊಪ್ಪಿನಿಂದ ಹರಡಿದ ಇ-ಕೋಲೈ ಸೋಂಕಿಗೆ 2018ರ ವಸಂತದಲ್ಲಿ 210 ಮಂದಿ ತುತ್ತಾಗಿ ಐವರು ಸತ್ತರು. ನವೆಂಬರ್‌ನಲ್ಲಿ ಮತ್ತೆ ಸೋಂಕು ಕಂಡಾಗ, ಯಾವ ಹೊಲದ್ದೆಂದು ಬೇಗ ಗೊತ್ತಾಗದೆ, ದೇಶದಲ್ಲಿರುವ ರೊಮೇನ್ ಸೊಪ್ಪನ್ನೆಲ್ಲ ಎಸೆಯಿರಿ ಎಂದು ಸರ್ಕಾರವೇ ಹೇಳಬೇಕಾಯಿತು. ತಪ್ಪು ಮಾಡದ ಬೆಳೆಗಾರರೂ ನಷ್ಟ ಉಂಡರು.

ಬ್ಲಾಕ್‌ಚೈನ್: ಕೊಟ್ಟದ್ದು, ಕೊಡಲಾಗದ್ದು

ಈ ಹಿನ್ನೆಲೆಯಲ್ಲಿ ವಾಲ್‌ಮಾರ್ಟ್ ಮತ್ತು ಐಬಿಎಂ ಮಾಡಿದ ಮಾವಿನ ಹಣ್ಣಿನ ಪ್ರಯೋಗ ಜಗತ್ತಿನ ಗಮನ ಸೆಳೆಯಿತು. ಅಂಗಡಿಯಲ್ಲಿದ್ದ ಹೆಚ್ಚಿದ ಮಾವಿನ ಪೊಟ್ಟಣ ಯಾವ ತೋಟದ್ದೆಂದು ಹಳೆಯ ವಿಧಾನದಲ್ಲಿ ಪತ್ತೆ ಮಾಡಲು ಸುಮಾರು ಏಳು ದಿನ ಹಿಡಿಯಿತು. ಬ್ಲಾಕ್‌ಚೈನ್ ದಾಖಲೆಯಲ್ಲಿ 2.2 ಸೆಕೆಂಡು. ಬ್ಲಾಕ್‌ಚೈನ್‌ನಲ್ಲಿ ಒಮ್ಮೆ ಬರೆದ ದಾಖಲೆಯನ್ನು ಯಾರೊಬ್ಬರೂ ಗುಟ್ಟಾಗಿ ತಿದ್ದಲಾರರು. ಪ್ರತಿ ಹೊಸ ದಾಖಲೆ ಹಿಂದಿನದರ ಜೊತೆ ಗಣಿತದ ಕೊಂಡಿಯಿಂದ ಬಿಗಿದಿರುತ್ತದೆ, ಅದರ ಪ್ರತಿಗಳು ಹಲವರ ಬಳಿ ಇರುತ್ತವೆ. ಪರಸ್ಪರ ನಂಬಿಕೆಯಿಲ್ಲದ ವ್ಯಾಪಾರಿಗಳು ಒಂದೇ ಲೆಕ್ಕ ಹಂಚಿಕೊಳ್ಳಲು ಇದು ನಿಜಕ್ಕೂ ಉಪಯುಕ್ತ.

ಆದರೆ ಅದು ಕಾಯುವುದು ದಾಖಲೆಯನ್ನು, ಪದಾರ್ಥವನ್ನಲ್ಲ. ಕುದುರೆ ಮಾಂಸಕ್ಕೆ ದನದ ಮಾಂಸವೆಂಬ ಚೀಟಿ ಅಂಟಿಸಿದವನು ಆ ಸುಳ್ಳನ್ನೇ ಬ್ಲಾಕ್‌ಚೈನಿಗೆ ಬರೆದಿದ್ದರೆ ಅದು ಅಳಿಸಲಾಗದ ಸುಳ್ಳಾಗುತ್ತಿತ್ತು, ಅಷ್ಟೆ. ಇನ್ನೊಂದು ತೊಡಕು ಸಹಕಾರದ್ದು. ಹಡಗಿನ ಸರಕು ಸಾಗಣೆಗಾಗಿ ಮಾರ್ಸ್ಕ್ ಮತ್ತು ಐಬಿಎಂ ಕಟ್ಟಿದ ಟ್ರೇಡ್‌ಲೆನ್ಸ್ ವೇದಿಕೆಯನ್ನು 2022ರ ನವೆಂಬರ್‌ನಲ್ಲಿ ಮುಚ್ಚುವ ಘೋಷಣೆ ಬಂತು. ಉದ್ಯಮದ ಉಳಿದವರು ಪೂರ್ತಿಯಾಗಿ ಕೈಜೋಡಿಸಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ.

ನಮ್ಮಲ್ಲಿ ರಫ್ತಿನ ಬೆಳೆಗಳಿಗೆ ಜಾಡಿನ ವ್ಯವಸ್ಥೆ ಮೊದಲು ಬಂತು. ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆಯಿದೆಯೆಂದು ಯುರೋಪ್ ತಕರಾರು ತೆಗೆದ ಮೇಲೆ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ 2006ರಲ್ಲಿ ಗ್ರೇಪ್‌ನೆಟ್ ಎಂಬ ಜಾಲ ಆರಂಭಿಸಿತು. ತೋಟದ ನೋಂದಣಿ, ಪ್ರಯೋಗಾಲಯದ ವರದಿ, ರಫ್ತಿನ ಪ್ರಮಾಣಪತ್ರ ಮೂರೂ ಒಂದಕ್ಕೊಂದು ಬೆಸೆದುಕೊಂಡವು. ಹಾಗಿದ್ದೂ 2010ರಲ್ಲಿ ಕ್ಲೋರ್ಮೆಕ್ವಾಟ್ ಎಂಬ ಬೆಳವಣಿಗೆ ನಿಯಂತ್ರಕದ ಉಳಿಕೆ ಸಿಕ್ಕಿ ಯುರೋಪಿನಲ್ಲಿ ಭಾರತದ ದ್ರಾಕ್ಷಿ ತಿರಸ್ಕೃತವಾಯಿತು. ಆ ರಾಸಾಯನಿಕ ನಮ್ಮ ಪರೀಕ್ಷೆಯ ಪಟ್ಟಿಯಲ್ಲೇ ಇರಲಿಲ್ಲ. ಕೇಳದ ಪ್ರಶ್ನೆಗೆ ಯಾವ ಡೇಟಾಬೇಸೂ ಉತ್ತರ ಕೊಡುವುದಿಲ್ಲ.

ಕಾಫಿಯ ಕತೆ ಕನ್ನಡಿಗರಿಗೆ ಹತ್ತಿರದ್ದು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬೆಂಗಳೂರಿನ ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯ ಪ್ರಯೋಗ ಆರಂಭಿಸಿತು. ಅದಕ್ಕಿಂತ ದೊಡ್ಡ ಒತ್ತಡ ಬಂದದ್ದು ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ವಿರೋಧಿ ನಿಯಮದಿಂದ. ಕಾಡು ಕಡಿದು ಬೆಳೆದದ್ದಲ್ಲವೆಂದು ತೋರಿಸಲು ಪ್ರತಿ ತಾಕಿನ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರ್ ಮೀರಿದರೆ ತೋಟದ ಗಡಿರೇಖೆಯನ್ನೇ ಕೊಡಬೇಕು. ಜಾರಿಯ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ನೆರಳಿನ ಮರಗಳಡಿ ಕಾಫಿ ಬೆಳೆಯುವ ಮಲೆನಾಡಿನ ರೈತನಿಗೆ ಇದು ಲಾಭವೂ ಆಗಬಹುದು: ತನ್ನ ತೋಟದ ಹಸಿರೇ ಅವನ ಸಾಕ್ಷಿ. ಆದರೆ ಎರಡು ಮೂರು ಎಕರೆಯವರು ಪಹಣಿ, ಪೋಡಿ, ಜಿಪಿಎಸ್ ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕೆಂದರೆ ಜಾಡಿನ ಖರ್ಚು ಬಡವರ ತಲೆಗೆ, ಅದರ ಬೆಲೆ ದೊಡ್ಡ ರಫ್ತುದಾರರ ಜೇಬಿಗೆ ಹೋಗುತ್ತದೆ. ನೋಂದಣಿಯ ಭಾರ ಮಂಡಳಿ ಹೊರಬೇಕು.

ಮೊದಲ ಅಳತೆ ಸುಳ್ಳಾದರೆ

ನಮ್ಮ ಹಳ್ಳಿಯ ಹಾಲಿನ ಡೇರಿಯಲ್ಲಿ ಬೆಳಗಿನ ಹೊತ್ತು ನಿಂತರೆ ಇಡೀ ಸರಪಳಿಯ ಮೊದಲ ಕೊಂಡಿ ಕಣ್ಣಮುಂದೆ ಕಾಣುತ್ತದೆ. ಸದಸ್ಯರು ಕ್ಯಾನಿನಿಂದ ಹಾಲು ಸುರಿಯುತ್ತಾರೆ. ತಕ್ಕಡಿ ಲೀಟರ್ ತೋರಿಸುತ್ತದೆ. ಕಾರ್ಯದರ್ಶಿ ಒಂದು ಸಣ್ಣ ಲೋಟದಷ್ಟು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಅರೆನಿಮಿಷದಲ್ಲಿ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಎಂದು ಪರದೆಯ ಮೇಲೆ ಮೂಡಿ, ದರ ಲೆಕ್ಕವಾಗಿ ಚೀಟಿ ಹೊರಬರುತ್ತದೆ. ಅಲ್ಲಿಯವರೆಗೆ ಆ ಹಾಲಿಗೆ ಒಬ್ಬರ ಹೆಸರಿದೆ. ಮುಂದಿನ ಗಳಿಗೆಯಲ್ಲಿ ಅದು ಶೀತಲ ಟ್ಯಾಂಕಿಗೆ ಬಿದ್ದು ಊರಿನ ಎಲ್ಲರ ಹಾಲಿನೊಂದಿಗೆ ಬೆರೆಯುತ್ತದೆ. ಅಲ್ಲಿಂದ ಮುಂದೆ ಜಾಡು ಹಿಡಿಯಬಹುದಾದದ್ದು ಟ್ಯಾಂಕನ್ನು, ಟ್ಯಾಂಕರನ್ನು, ಹಸುವನ್ನಲ್ಲ. ಹಾಲು, ಎಣ್ಣೆ, ಅಕ್ಕಿ, ಜೇನು ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಪ್ಯಾಕೆಟ್ಟಿನ ಕ್ಯೂಆರ್ ಕೋಡಿನಲ್ಲಿ ರೈತನ ನಗುಮುಖ ತೋರಿಸುವ ಜಾಹೀರಾತುಗಳನ್ನು ಈ ತಿಳಿವಳಿಕೆಯಿಂದಲೇ ನೋಡಬೇಕು.

ಯಂತ್ರವೂ ತಾನು ಅಳೆಯುವುದನ್ನಷ್ಟೇ ಹೇಳುತ್ತದೆ. ಚೀನಾದ 2008ರ ದುರಂತದಲ್ಲಿ ಆದದ್ದು ಇದೇ. ಹಾಲಿನ ಪ್ರೋಟೀನನ್ನು ಸಾರಜನಕದ ಪ್ರಮಾಣದಿಂದ ಅಂದಾಜಿಸುತ್ತಿದ್ದರು. ನೀರು ಬೆರೆಸಿ, ಸಾರಜನಕ ಹೆಚ್ಚಿರುವ ಮೆಲಮೈನ್ ಸೇರಿಸಿದರೆ ಪರೀಕ್ಷೆ ಪಾಸು. ಆರು ಶಿಶುಗಳು ಸತ್ತು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಜೇನಿನಲ್ಲೂ ಅದೇ ಆಟ. ಕಬ್ಬು, ಮೆಕ್ಕೆಜೋಳದ ಸಕ್ಕರೆಯನ್ನು ಇಂಗಾಲದ ಐಸೊಟೋಪ್ ಪರೀಕ್ಷೆ ಹಿಡಿಯುತ್ತದೆ ಎಂದು ಗೊತ್ತಾದ ಮೇಲೆ, ಆ ಪರೀಕ್ಷೆಗೆ ಸಿಗದ ಅಕ್ಕಿಯ ಸಿರಪ್ ಬಂತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ತನಿಖೆಯಲ್ಲಿ 13 ಬ್ರ್ಯಾಂಡುಗಳ ಪೈಕಿ 10 ಬ್ರ್ಯಾಂಡುಗಳ ಜೇನು ಎನ್‌ಎಂಆರ್ ಎಂಬ ಹೆಚ್ಚು ಸೂಕ್ಷ್ಮವಾದ ಪರೀಕ್ಷೆಯಲ್ಲಿ ಸೋತಿತು. ಕಂಪನಿಗಳು ಅದನ್ನು ಒಪ್ಪಲಿಲ್ಲ. ವಂಚಕ ಪರೀಕ್ಷೆಯ ಪುಸ್ತಕವನ್ನು ನಮಗಿಂತ ಮೊದಲೇ ಓದಿರುತ್ತಾನೆ ಎಂಬುದನ್ನು ಮರೆಯಬಾರದು.

ನಮ್ಮ ಭಯ ಒಂದೆಡೆ, ಅಪಾಯ ಇನ್ನೊಂದೆಡೆ ಇರುವುದೂ ಉಂಟು. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಶೇ. 5.7ರಷ್ಟು ಮಾದರಿಗಳಲ್ಲಿ ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿತ್ತು. ಅದು ಬೂಷ್ಟು ಹಿಡಿದ ಮೇವು, ಹಿಂಡಿಯಿಂದ ಬರುವ ವಿಷ. ಕಳ್ಳನನ್ನು ಹುಡುಕಲು ಹೊರಟಾಗ ಸಿಕ್ಕಿದ್ದು ಕೆಟ್ಟ ದಾಸ್ತಾನು. ಪೊಲೀಸರ ಬದಲು ಒಣ ಉಗ್ರಾಣ ಬೇಕಾದ ಸಮಸ್ಯೆ ಅದು. ಒಳ್ಳೆಯ ಸಮೀಕ್ಷೆ ಹೀಗೆ ನಮ್ಮ ಗಮನವನ್ನು ಸರಿಯಾದ ಕಡೆಗೆ ತಿರುಗಿಸುತ್ತದೆ.

ಅಪರಾಧ ವಿಶ್ಲೇಷಣೆ ಕಲಿಸಿದ ಪಾಠ

ನ್ಯೂಯಾರ್ಕ್ ಪೊಲೀಸರು 1994ರಲ್ಲಿ ಕಾಂಪ್‌ಸ್ಟಾಟ್ ಆರಂಭಿಸಿದಾಗಿನಿಂದ ಅಪರಾಧದ ಅಂಕಿಅಂಶವನ್ನು ನಕ್ಷೆಯ ಮೇಲೆ ಹರಡಿ ನೋಡುವುದು ರೂಢಿಯಾಯಿತು. ಭಾರತದಲ್ಲಿ ಠಾಣೆಗಳನ್ನು ಒಂದು ಜಾಲದಲ್ಲಿ ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು. ಮುಂದಿನ ಹೆಜ್ಜೆ ಭವಿಷ್ಯ ನುಡಿಯುವುದು. ಲಾಸ್ ಏಂಜಲೀಸ್ ಪೊಲೀಸರು ಪ್ರೆಡ್‌ಪೋಲ್ ಎಂಬ ಸಾಫ್ಟ್‌ವೇರ್ ಬಳಸಿ, ಇಂದು ಯಾವ ಬೀದಿಯಲ್ಲಿ ಕಳ್ಳತನ ಆದೀತೆಂದು ಗುರುತು ಹಾಕಿಕೊಂಡು ಗಸ್ತು ತಿರುಗಿದರು. 2020ರಲ್ಲಿ ಅದನ್ನು ಕೈಬಿಟ್ಟರು. ಅದೇ ವರ್ಷ ಸಾಂತಾ ಕ್ರೂಜ್ ನಗರ ಇಂಥ ಸಾಫ್ಟ್‌ವೇರನ್ನೇ ನಿಷೇಧಿಸಿತು.

ಇಂಥ ಸಾಫ್ಟ್‌ವೇರಿನ ದೋಷವನ್ನು ಸಂಶೋಧಕರಾದ ಕ್ರಿಸ್ಟಿಯನ್ ಲಮ್ ಮತ್ತು ವಿಲಿಯಂ ಐಸಾಕ್ 2016ರಲ್ಲೇ ತೋರಿಸಿದ್ದರು. ಓಕ್ಲೆಂಡ್ ನಗರದ ಮಾದಕವಸ್ತು ಬಂಧನಗಳ ದತ್ತಾಂಶವನ್ನು ಇಂಥ ಗಣನಕ್ರಮಕ್ಕೆ ಉಣಿಸಿದಾಗ, ಅದು ಪೊಲೀಸರನ್ನು ಮತ್ತೆ ಮತ್ತೆ ಕಪ್ಪು ಜನರ ಕೇರಿಗಳಿಗೇ ಕಳಿಸಿತು. ಮಾದಕವಸ್ತುವಿನ ಬಳಕೆ ಊರೆಲ್ಲ ಹರಡಿತ್ತು. ಬಂಧನ ಮಾತ್ರ ಕೆಲವೆಡೆ ಆಗಿತ್ತು. ಪೊಲೀಸ್ ದಾಖಲೆಯಲ್ಲಿರುವುದು ಅಪರಾಧದ ನಕ್ಷೆಯಲ್ಲ, ಪೊಲೀಸರು ಓಡಾಡಿದ ನಕ್ಷೆ. ಹೋದಲ್ಲಿ ಸಿಗುತ್ತದೆ, ಸಿಕ್ಕಲ್ಲಿಗೇ ಮತ್ತೆ ಹೋಗುತ್ತಾರೆ.

ಈ ಪಾಠ ಆಹಾರ ತಪಾಸಣೆಗೂ ನೇರವಾಗಿ ಅನ್ವಯಿಸುತ್ತದೆ. ಷಿಕಾಗೋ ನಗರದಲ್ಲಿ 15,000ಕ್ಕೂ ಹೆಚ್ಚು ಆಹಾರ ಮಳಿಗೆಗಳಿಗೆ 30ರ ಆಸುಪಾಸಿನ ತಪಾಸಕರು. ಹಿಂದಿನ ಉಲ್ಲಂಘನೆ, ಸುತ್ತಲಿನ ಕಸದ ದೂರು, ಹತ್ತಿರದಲ್ಲಿ ನಡೆದ ಕಳ್ಳತನ, ಹವೆಯ ಉಷ್ಣತೆ ಎಲ್ಲವನ್ನೂ ಸೇರಿಸಿ ಯಾವ ಮಳಿಗೆಗೆ ಮೊದಲು ಹೋಗಬೇಕೆಂದು ಲೆಕ್ಕ ಹಾಕುವ ಮಾದರಿಯನ್ನು 2014ರಲ್ಲಿ ಪ್ರಯೋಗಿಸಿದರು. ಗಂಭೀರ ಲೋಪಗಳು ಸರಾಸರಿ ಏಳೂವರೆ ದಿನ ಮುಂಚೆಯೇ ಸಿಕ್ಕಿದವು. ನಗರಾಡಳಿತ ಆ ಗಣನಕ್ರಮವನ್ನು ಎಲ್ಲರಿಗೂ ತೆರೆದಿಟ್ಟಿತು. ತೆರೆದಿಟ್ಟದ್ದರಿಂದಲೇ ಅದರ ದೌರ್ಬಲ್ಯವೂ ಕಂಡಿತು: ಹಿಂದೆ ಯಾವ ತಪಾಸಕರು ಹೋಗಿದ್ದರು ಎಂಬುದನ್ನೇ ಅದು ಬಹಳ ನೆಚ್ಚಿಕೊಂಡಿತ್ತು ಎಂದು ನಂತರದ ಸಂಶೋಧಕರು ತೋರಿಸಿದರು. ಗುಟ್ಟಾಗಿಟ್ಟಿದ್ದರೆ ಆ ತಪ್ಪು ಹಾಗೇ ಮುಂದುವರಿಯುತ್ತಿತ್ತು.

ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ರೋಡಮೈನ್-ಬಿಯಂಥ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ನಿರ್ಧಾರ ಸರಿಯಾದದ್ದೇ, ಬಟ್ಟೆಗೆ ಹಾಕುವ ಬಣ್ಣ ಮಕ್ಕಳ ಹೊಟ್ಟೆಗೆ ಹೋಗಬಾರದು. ಆದರೆ ಮಾದರಿ ತೆಗೆಯುವುದು ತಳ್ಳುಗಾಡಿಯಿಂದ ಮಾತ್ರವಾದರೆ ದತ್ತಾಂಶದಲ್ಲಿ ಅಪರಾಧಿ ಯಾವಾಗಲೂ ತಳ್ಳುಗಾಡಿಯವನೇ ಆಗುತ್ತಾನೆ. ಬಣ್ಣದ ಪೊಟ್ಟಣ ಮಾರಿದ ಸಗಟು ಅಂಗಡಿ, ಅದಕ್ಕೆ ಸರಬರಾಜು ಮಾಡಿದ ಗೋದಾಮು ನಕ್ಷೆಯಲ್ಲಿ ಮೂಡುವುದೇ ಇಲ್ಲ. ವಿಶ್ಲೇಷಣೆ ಮೇಲ್ಮುಖವಾಗಿ ನಡೆಯಬೇಕು.

ಅದಕ್ಕೆ ಬೇಕಾದ ಅಸ್ತ್ರ ಬಹಳ ಸರಳ: ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ತಾಳೆ. ಖರೀದಿಸಿದ ಹಾಲಿನಿಂದ ಬರಬಹುದಾದದ್ದಕ್ಕಿಂತ ಹೆಚ್ಚು ತುಪ್ಪ ಮಾರಿದವನು, ಪ್ರಮಾಣೀಕೃತ ತೋಟ ಬೆಳೆಯಬಲ್ಲದ್ದಕ್ಕಿಂತ ಹೆಚ್ಚು ಸಾವಯವ ಧಾನ್ಯ ರಫ್ತು ಮಾಡಿದವನು ಈ ತಾಳೆಯಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತಾನೆ. ಆಹಾರ ಪ್ರಾಧಿಕಾರದ ಫಾಸ್ಕಾಸ್ ಜಾಲತಾಣದಲ್ಲಿ ತಯಾರಕರ ವಾರ್ಷಿಕ ವಿವರಗಳಿವೆ, ಜಿಎಸ್‌ಟಿಯಲ್ಲಿ ಬಿಲ್ಲುಗಳಿವೆ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು (ಸರಕು ಸಾಗಣೆಯ ಡಿಜಿಟಲ್ ರಹದಾರಿ) 2018ರ ಏಪ್ರಿಲ್ 1ರಿಂದ ಮೊದಲು ತಂದದ್ದು ಕರ್ನಾಟಕವೇ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಅದರ ಹೊರಗಿದ್ದರೂ ಎಣ್ಣೆ, ತುಪ್ಪ, ಮಸಾಲೆ ಒಳಗಿವೆ. ಕೃತಕ ಬುದ್ಧಿಮತ್ತೆಯ ಮಾತಾಡುವ ಮೊದಲು ಇವೆರಡು ಇಲಾಖೆಗಳ ಲೆಕ್ಕ ಒಟ್ಟಿಗೆ ಕೂರಬೇಕು.

ಪಡಿತರ: ಬೆರಳು ಮತ್ತು ಮೂಟೆ

ಈ ಇಡೀ ಪ್ರಶ್ನೆಯ ಸತ್ವಪರೀಕ್ಷೆ ನಡೆಯುವುದು ನ್ಯಾಯಬೆಲೆ ಅಂಗಡಿಯಲ್ಲಿ. ಅಲ್ಲಿ ಸರಕು ಸರ್ಕಾರದ್ದು, ಕಳ್ಳತನ ನಿಜ, ಉಣ್ಣುವವರು ಬಡವರು.

ಛತ್ತೀಸ್‌ಗಢ 2004ರಲ್ಲಿ ಖಾಸಗಿ ವ್ಯಾಪಾರಿಗಳಿಂದ ಅಂಗಡಿಗಳನ್ನು ಹಿಂಪಡೆದು ಪಂಚಾಯಿತಿ, ಸಹಕಾರ ಸಂಘ, ಸ್ವಸಹಾಯ ಗುಂಪುಗಳಿಗೆ ಕೊಟ್ಟಿತು. ಪಡಿತರದ ಲಾರಿಗಳಿಗೆ ಹಳದಿ ಬಣ್ಣ ಬಳಿಸಿತು. ಲಾರಿ ಗೋದಾಮು ಬಿಟ್ಟಾಗ ನೋಂದಾಯಿಸಿಕೊಂಡ ಊರವರಿಗೆ ಎಸ್ಸೆಮ್ಮೆಸ್ ಹೋಗುತ್ತಿತ್ತು. ಎಷ್ಟು ಅಕ್ಕಿ ಹೊರಟಿತೆಂದು ಹಳ್ಳಿಗೇ ಗೊತ್ತು. ತಂತ್ರಜ್ಞಾನ ಅಗ್ಗದ್ದು, ಅದರ ದೃಷ್ಟಿ ಮೂಟೆಯ ಮೇಲೆ. ಸೋರಿಕೆ ಗಣನೀಯವಾಗಿ ತಗ್ಗಿತು. ಅಲ್ಲಿಯೂ 2015ರಲ್ಲಿ ನಾಗರಿಕ ಪೂರೈಕೆ ನಿಗಮದ ಮೇಲೆ ಭ್ರಷ್ಟಾಚಾರ ನಿಗ್ರಹ ದಳದ ದಾಳಿ ನಡೆದು, ಕಳಪೆ ಅಕ್ಕಿ ಒಪ್ಪಿಕೊಳ್ಳಲು ಲಂಚ ನಡೆಯಿತೆಂಬ ಆರೋಪ ಬಂತು. ಲಾರಿಯ ಜಾಡು ಸರಿಯಿದ್ದರೂ ಗುಣಮಟ್ಟದ ಮೊದಲ ದಾಖಲೆ ಮನುಷ್ಯರ ಕೈಯಲ್ಲೇ ಇತ್ತು.

ಜಾರ್ಖಂಡ್ ಬೇರೆ ದಾರಿ ಹಿಡಿಯಿತು: ಅಂಗಡಿಯಲ್ಲಿ ಆಧಾರ್ ಆಧಾರಿತ ಬೆರಳಚ್ಚು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಅಲ್ಲಿನ 10 ಜಿಲ್ಲೆಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶವನ್ನು ನೀತಿ ರೂಪಿಸುವ ಪ್ರತಿಯೊಬ್ಬರೂ ಓದಬೇಕು. ಬೆರಳಚ್ಚಿನಿಂದ ಮಾತ್ರ ಸೋರಿಕೆ ಕಡಿಮೆಯಾಗಲಿಲ್ಲ. ಫಲಾನುಭವಿಗಳ ಓಡಾಟದ ಖರ್ಚು ಹೆಚ್ಚಿತು. ಆಧಾರ್ ಜೋಡಣೆಯಾಗದವರ ಪಾಲು ಸುಮಾರು ಹತ್ತರಲ್ಲೊಂದರಷ್ಟು ತಗ್ಗಿತು. ಅಂಗಡಿಯ ದಾಸ್ತಾನನ್ನು ಯಂತ್ರದ ಲೆಕ್ಕದ ಜೊತೆ ತಾಳೆ ನೋಡತೊಡಗಿದಾಗ ಸೋರಿಕೆ ಇಳಿಯಿತು, ಆದರೆ ಅದರ ಪೆಟ್ಟಿನಲ್ಲಿ ಒಂದು ಪಾಲು ಬಡವರಿಗೂ ಬಿತ್ತು. 2017ರಲ್ಲಿ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಬಾಲಕಿ ಸತ್ತಾಗ, ಆಧಾರ್ ಜೋಡಿಸದ್ದಕ್ಕೆ ಪಡಿತರ ನಿಂತಿತ್ತೆಂದು ಕುಟುಂಬ ಹೇಳಿತು. ಹಸಿವು ಕಾರಣವಲ್ಲವೆಂದು ಆಡಳಿತ ವಾದಿಸಿತು. ಇಂಥ ವಾದವೇ ಹುಟ್ಟದಂತೆ ವ್ಯವಸ್ಥೆ ಕಟ್ಟುವುದು ನಾಗರಿಕ ಸಮಾಜದ ಕರ್ತವ್ಯ.

ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ ದುಡಿದು ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಗುರುತಿಸಿದರೂ, ಬೆರಳಿಟ್ಟು ರಸೀದಿ ಬಂದ ಮೇಲೆ ಐದು ಕಿಲೋ ಬದಲು ನಾಲ್ಕೂವರೆ ಕಿಲೋ ಅಳೆದು ಕೊಟ್ಟರೆ ದಾಖಲೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಬೆರಳಚ್ಚು ವ್ಯಕ್ತಿ ಬಂದದ್ದನ್ನು ಸಾಬೀತು ಮಾಡುತ್ತದೆ, ಅಕ್ಕಿ ಹೋದದ್ದನ್ನಲ್ಲ. ತೂಕದ ಯಂತ್ರವನ್ನೇ ಬೆರಳಚ್ಚು ಪಡೆದು ರಸೀದಿ ಕೊಡುವ ಪಿಒಎಸ್ ಯಂತ್ರಕ್ಕೆ ಜೋಡಿಸಿದರೆ ಈ ಕಂದಕ ಮುಚ್ಚುತ್ತದೆ. ಅದನ್ನು ಉತ್ತೇಜಿಸಲು ಕೇಂದ್ರ 2021ರಲ್ಲಿ ನಿಯಮ ತಿದ್ದಿತು. ಮತ್ತೊಂದು ಮುಖವನ್ನೂ ಹೇಳಬೇಕು. ಇದೇ ಜಾಲದಿಂದಾಗಿ ‘ಒಂದು ದೇಶ ಒಂದು ಪಡಿತರ ಚೀಟಿ’ ಸಾಧ್ಯವಾಗಿ, ಬೇರೆ ರಾಜ್ಯದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರು ಇಲ್ಲಿಯೇ ಪಡಿತರ ಪಡೆಯಬಹುದು. ಹಕ್ಕನ್ನು ಹಿಗ್ಗಿಸಲು ಬಳಸಿದಾಗ ಗುರುತಿನ ತಂತ್ರಜ್ಞಾನವೂ ಒಳ್ಳೆಯದೇ ಮಾಡುತ್ತದೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ್ದು ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ. ಮರು ವರ್ಷದ ಆಧಾರ್ ತೀರ್ಪು, ಗುರುತಿನ ವೈಫಲ್ಯದಿಂದ ಯಾರ ಸೌಲಭ್ಯವೂ ತಪ್ಪಬಾರದೆಂದು ಎಚ್ಚರಿಸಿತು. ಆ ಎಚ್ಚರಿಕೆಯ ಬೆಲೆ ತಿಳಿಯುವುದು ಅಂಗಡಿಯ ಸಾಲಿನಲ್ಲಿ ನಿಂತವರಿಗೆ.

ಮುಂದಿನ ದಾರಿ

ಡಿಜಿಟಲ್ ಜಾಡು ಕೊನೆಗೆ ನ್ಯಾಯಾಲಯದಲ್ಲಿ ನಿಲ್ಲಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು, ಆಹಾರ ವಿಶ್ಲೇಷಕರು 14 ದಿನದೊಳಗೆ ವರದಿ ಕೊಡಬೇಕು. ಪ್ರಯೋಗಾಲಯ, ಸಿಬ್ಬಂದಿ, ಮೊಹರು ಸರಿಯಿಲ್ಲದಿದ್ದರೆ ಎಂಥ ಬ್ಲಾಕ್‌ಚೈನೂ ಒಬ್ಬ ವಂಚಕನನ್ನೂ ಜೈಲಿಗೆ ಕಳಿಸದು.

ಆದ್ದರಿಂದ ಸರ್ಕಾರ ಹೊಸ ಆ್ಯಪ್ ಬಿಡುಗಡೆ ಮಾಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ನಾವು ಗಟ್ಟಿಯಾಗಿ ಕೇಳಬೇಕು. ಮೊದಲ ಅಳತೆಯನ್ನು ಮಾಡುವವರು ಯಾರು, ಅದನ್ನು ಸ್ವತಂತ್ರವಾಗಿ ಪರೀಕ್ಷಿಸುವವರು ಯಾರು? ಈ ದತ್ತಾಂಶ ಸಗಟು ಗೋದಾಮನ್ನು ತೋರಿಸುತ್ತದೆಯೋ, ತಳ್ಳುಗಾಡಿಯನ್ನಷ್ಟೇ ತೋರಿಸುತ್ತದೆಯೋ? ಯಂತ್ರ ಸೋತ ದಿನ ಬಡವರಿಗೆ ಅಕ್ಕಿ ಸಿಗುತ್ತದೆಯೋ? ಗಣನಕ್ರಮವನ್ನು, ಗೋದಾಮಿನ ಲೆಕ್ಕವನ್ನು ಹೊರಗಿನವರು ನೋಡಬಹುದೋ? ಉಣ್ಣುವವರ ವಿವರ ಗುಟ್ಟಾಗಿರಲಿ, ಉಣಿಸುವವರ ಲೆಕ್ಕ ಬಹಿರಂಗವಾಗಿರಲಿ. ಇಂದು ನಮ್ಮಲ್ಲಿ ಬಹುಪಾಲು ಇದು ತಿರುವುಮುರುವಾಗಿದೆ: ಪಡಿತರಕ್ಕೆ ಸಾಲು ನಿಂತ ಅಜ್ಜಿಯ ಬೆರಳಚ್ಚು ಸರ್ಕಾರದ ಕೈಯಲ್ಲಿದೆ, ಲಾರಿ ಎಲ್ಲಿ ನಿಂತಿತೆಂದು ಅಜ್ಜಿಗೆ ಗೊತ್ತಿಲ್ಲ. ಛತ್ತೀಸ್‌ಗಢದ ಎಸ್ಸೆಮ್ಮೆಸ್ಸಿಗೆ ಬೇಕಾದ ತಂತ್ರಜ್ಞಾನ ಪ್ರತಿ ತಾಲ್ಲೂಕಿನಲ್ಲಿ ಈಗಾಗಲೇ ಇದೆ. ಅದನ್ನು ನಮ್ಮ ಪ್ರತಿ ನ್ಯಾಯಬೆಲೆ ಅಂಗಡಿಯ ಗ್ರಾಹಕರಿಗೂ ಕೊಡಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸುವುದರಿಂದ ಈ ಕೆಲಸ ಶುರುವಾಗಬಹುದು.